ಬಾಳವ್ವತ್ತಿ ಸೋಲಬೇಕಾಗಿದ್ದ ದೀಪಾವಳಿ

ಮೊನ್ನೆ ಹುಕ್ಕೇರಿ ರಸ್ತೆಯಲ್ಲಿ ನನ್ನ ಬಸ್ಸಿನೊಳಗೆ ಹೊಗೆ ನುಗ್ಗಿತು. ಯಾರೋ ಕಬ್ಬು ಕಡಿದ ಹೊಲದಲ್ಲಿ ರವದಿಗೆ ಬೆಂಕಿ ಇಟ್ಟಿದ್ದರು. ಒಣಗರಿಯ ಆ ಹೊಗೆಗೆ ಕಣ್ಣುರಿದು ಮಂದಿಯೆಲ್ಲ ನನ್ನ ಮೇಲೆ ಹರಿಹಾಯ್ದರು, ಬೆಂಕಿ ಹಚ್ಚಿ ಬಂದವನು ನಾನೇ ಎನ್ನುವಂತೆ. ಕಂಡಕ್ಟರ್ ಆದವನು ಮಳೆ ಬಂದರೂ ಬೈಸಿಕೊಳ್ಳಬೇಕು, ಹೊಗೆ ಬಂದರೂ ಬೈಸಿಕೊಳ್ಳಬೇಕು, ಅದು ನೌಕರಿಯ ಒಂದು ಭಾಗ. ಆದರೆ ಖರೆ ಹೇಳುತ್ತೇನೆ, ನನಗೆ ಆ ವಾಸನೆ ಹಿತ. ಕಿಟಕಿ ಎಳೆಯುವ ನೆಪ ಮಾಡಿ ಎರಡು ಸಲ ಉಸಿರು ತುಂಬಿಕೊಂಡೆ. ನಮ್ಮ ಬಾಳವ್ವತ್ತಿ ಹಾಡಿಗೆ ನಿಲ್ಲುವ ಮೊದಲು ತನ್ನ ದಪ್ಪನ್ನು ರವದಿಯ ಬೆಂಕಿಗೇ ಹಿಡಿಯುತ್ತಾಳೆ. ಆಡಿನ ಚರ್ಮ ಕಾಯ್ದು ಬಿಗಿಯಾಗದಿದ್ದರೆ ದಪ್ಪಿನ ದನಿ ಏಳುವುದಿಲ್ಲ. ಈಗಿನವರು ಪ್ಲಾಸ್ಟಿಕ್ ಹಾಳೆಯ ದಪ್ಪು ಬಾರಿಸುತ್ತಾರೆ, ಅದನ್ನು ಕಾಯಿಸುವ ಗೋಜಿಲ್ಲ. ಅತ್ತಿ ಅದನ್ನು ನೋಡಿ ಮೂಗು ಮುರಿಯುತ್ತಾಳೆ.

ಆ ಹೊಗೆಯ ಹಿಂದೆಯೇ ಎರಡು ವರ್ಷದ ಕೆಳಗಿನ ದಸರೆಯಿಂದ ದೀಪಾವಳಿಯವರೆಗಿನ ದಿನಗಳು ಎದ್ದು ಬಂದವು. ಅಂಥ ಹಂಗಾಮು ನನ್ನ ಆಯುಷ್ಯದಲ್ಲಿ ಇನ್ನೊಂದು ಬಂದಿಲ್ಲ.

ನಮ್ಮ ಕಡೆ ಆ ದಿನಗಳಲ್ಲಿ ಶನಿವಾರ, ಐತವಾರ ಬಂತೆಂದರೆ ಯಾವ ಊರೂ ಸುಮ್ಮನೆ ಕೂಡುವುದಿಲ್ಲ. ಹಿಂಗಾರಿ ಬಿತ್ತನೆ ಒಂದು ಹದಕ್ಕೆ ಬಂದಿರುತ್ತದೆ, ಕಬ್ಬಿನ ಕಡಿತ ಪೂರಾ ಜೋರು ಹಿಡಿದಿರುವುದಿಲ್ಲ. ನಡುವೆ ಸಿಕ್ಕ ಬಿಡುವಿನಲ್ಲಿ ಒಂದೂರಲ್ಲಿ ಡೊಳ್ಳಿನ ಪದ, ಇನ್ನೊಂದೂರಲ್ಲಿ ಭಜನೆಯ ಸ್ಪರ್ಧೆ, ಮತ್ತೊಂದರಲ್ಲಿ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹಿಂದಕ್ಕೆ ಓಡಿಸುವ ಪಂದ್ಯ. ಬಾಜೂ ಊರಿನಲ್ಲಿ ಗಟ್ಟಿಗರು ಕಲ್ಲು ಎತ್ತುತ್ತಿರುತ್ತಾರೆ, ಸಾಲೆಯ ಅಂಗಳದಲ್ಲಿ ಹೆಣ್ಣುಮಕ್ಕಳು ರಂಗೋಲಿ ಹಾಕುತ್ತಿರುತ್ತಾರೆ. ಆ ಎರಡು ದಿನ ನನ್ನ ಬಸ್ಸಿನಲ್ಲಿ ಹಾರ್ಮೋನಿಯಂ, ಡೊಳ್ಳು, ಹೂವಿನ ಬುಟ್ಟಿ ಎಲ್ಲಕ್ಕೂ ಸೀಟು ಬೇಕು.

ಇವುಗಳ ನಡುವೆ ಹರದೇಶಿ–ನಾಗೇಶಿಯ ಹಾಡಿಕೆಗೆ ಬೇರೆಯೇ ಗತ್ತು. ಕೇಳದವರಿಗಾಗಿ ಹೇಳುತ್ತೇನೆ. ವೇದಿಕೆಯ ಮೇಲೆ ಎರಡು ಮೇಳ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ಒಬ್ಬರು ಹಾಡಿನಲ್ಲಿ ಸವಾಲ್ ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಮುಂದಿನವರು ಒಂದು ನುಡಿ ಮುಗಿಸಿದ ಕೂಡಲೇ ಹಿಂದೆ ನಿಂತವರು ಒಂಟಿ ತಂತಿಯ ತುಂತುಣಿ ಮೀಟುತ್ತ ‘ಗೀಯ ಗೀಯ’ ಎಂದು ದನಿ ಎತ್ತಿಕೊಳ್ಳುತ್ತಾರೆ. ಕುಲಗೋಡದ ಬಾಳವ್ವತ್ತಿ, ಅಂದರೆ ನನ್ನ ತಂದೆಯ ತಂಗಿ, ನಾಗೇಶಿ. ಮೇಲವಂಕಿಯ ಲಗಮಣ್ಣ ಕಾಕಾ ಹರದೇಶಿ. ಅವರಿಬ್ಬರದು ಎಷ್ಟೋ ವರ್ಷದ ಜೋಡಿ. ನಾನು ಮೀಸೆ ಮೂಡುವ ಮೊದಲಿನಿಂದ ಅತ್ತಿಯ ಹಿಂದೆ ನಿಂತು ತುಂತುಣಿ ಮೀಟಿ ‘ಗೀಯ’ ಅಂದವನು. ಹೆಣ್ಣು ಹೆಚ್ಚು ಎಂದು ದನಿಗೂಡಿಸಿ ದನಿಗೂಡಿಸಿ ಅದು ನನಗೆ ರಕ್ತಕ್ಕೆ ಇಳಿದುಬಿಟ್ಟಿತ್ತು.

ವೇದಿಕೆಯ ಮೇಲೆ ಅವರಿಬ್ಬರೂ ಬೈದಾಡುವುದನ್ನು ಕೇಳಿದರೆ ಹೊಸಬರು ಪೊಲೀಸರನ್ನು ಕರೆಯಬೇಕು ಅನ್ನುತ್ತಿದ್ದರು. ಹುಕ್ಕೇರಿಯ ಸಂತೆಯಲ್ಲಿ ಒಬ್ಬ ಮುದುಕಿ ಅತ್ತಿಯ ಕೈ ಹಿಡಿದು, “ಯವ್ವಾ, ಗಂಡಗ ಹಿಂಗ ಬೈತೀಯಲ್ಲ, ಮನ್ಯಾಗ ಅಂವಗ ಕೂಳ ಹಾಕ್ತೀಯಿಲ್ಲೋ?” ಎಂದು ಕೇಳಿದ್ದಳು. ಕಾಕಾ ಅತ್ತಿಯ ಗಂಡನಲ್ಲ. ನಮ್ಮ ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು, ಕಾಕಾನಿಗೆ ಮೇಲವಂಕಿಯಲ್ಲಿ ಹೆಂಡತಿ, ಮನೆ ತುಂಬ ಮೊಮ್ಮಕ್ಕಳು. ಆದರೆ ಹಾಡಿಗೆ ಹೋಗುವಾಗ ಎರಡೂ ಮೇಳ ಒಂದೇ ಜೀಪಿನಲ್ಲಿ ಹೋಗುತ್ತಿದ್ದೆವು. ಅತ್ತಿಯ ಬುತ್ತಿಯ ಗುರೆಳ್ಳು ಚಟ್ನಿಯಲ್ಲಿ ಮೊದಲ ಪಾಲು ಕಾಕಾನದು. ಉಂಡು ಕೈ ತೊಳೆದು ವೇದಿಕೆ ಹತ್ತಿದರೆ ಮತ್ತೆ ವೈರಿಗಳು.

ಆ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಕಾಕಾನ ಗಂಟಲಲ್ಲಿ ಗಂಟು ಕಂಡಿತು. ಬೆಳಗಾವಿಯಲ್ಲಿ ತೆಗೆಸಿದರು. ಕೆಟ್ಟ ಗಂಟಲ್ಲ ಎಂದು ತಿಳಿದು ಎಲ್ಲರೂ ನಿಟ್ಟುಸಿರು ಬಿಟ್ಟೆವು. ಆದರೆ ದನಿ ಹೋಯಿತು. ಉಳಿದದ್ದು ಪಿಸುಮಾತು ಅಷ್ಟೇ. ಇನ್ನು ಮೇಲೆ ದನಿ ಎತ್ತಿ ಹಾಡುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಕಾಕಾ ಅದನ್ನು ಅಷ್ಟೊಂದು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. “ಹಾಡಿದ್ದು ಸಾಕಷ್ಟಾತು, ಇನ್ನ ಕೇಳೂಣು” ಅಂದ. ಕುಸಿದವಳು ಅತ್ತಿ.

ನಾಗೇಶಿ ಒಬ್ಬಳೇ ಬಂದರೆ ಯಾವ ಊರಿನವರು ಕರೆಯುತ್ತಾರೆ? ಜಗಳ ನೋಡಲು ಬರುವ ಮಂದಿಗೆ ಒಬ್ಬರೇ ಬೈದುಕೊಳ್ಳುವುದು ಬೇಕಿಲ್ಲ. ನವರಾತ್ರಿಯಲ್ಲಿ ಮೂಡಲಗಿಯವರಿಗೆ ಮೊದಲೇ ಮಾತು ಕೊಟ್ಟಿದ್ದರಿಂದ ಬೇರೆ ಕಡೆಯ ಒಬ್ಬ ಹರದೇಶಿಯನ್ನು ಹುಡುಕಿ ತಂದರು. ಹರೆಯದವನು, ಒಳ್ಳೆ ಕಂಠ, ಇಸ್ತ್ರಿ ಮುರಿಯದ ಅಂಗಿ. ಅತ್ತಿ ಮೊದಲ ಸವಾಲ್ ಹಾಕಿದಳು. ಅವನು ಎದ್ದು ಬಂದವನೇ ಎಲ್ಲರೆದುರು ಅತ್ತಿಯ ಕಾಲಿಗೆ ಬಿದ್ದು, “ಅವ್ವಾರ, ನಿಮ್ಮ ಮುಂದ ನಾ ಯಾವ ಗಿಡದ ತೊಪ್ಪಲ್ರಿ, ನೀವ ಗೆದ್ರಿ” ಎಂದುಬಿಟ್ಟ. ಮಂದಿ ಚಪ್ಪಾಳೆ ಹೊಡೆದರು. ಅತ್ತಿಯ ಮುಖ ಸಿಟ್ಟಿಗೆ ಕಪ್ಪಿಟ್ಟಿತು.

“ಕಾಲಿಗಿ ಬೀಳಾಕ ಬಂದಿಯೋ, ಎದುರ ಹಾಡಾಕ ಬಂದಿಯೋ?” ಅಂದಳು ಕೆಳಗಿಳಿದ ಮೇಲೆ. “ಕಾಲಿಗಿ ಬೀಳಾವ್ರು ನನ್ನ ಮನ್ಯಾಗ ಬೇಕಾದಷ್ಟ ಮಂದಿ ಅದಾರ.”

ಆ ದಿನ ಬುತ್ತಿ ಬಿಚ್ಚಲಿಲ್ಲ. ಜೀಪಿನಲ್ಲಿ ಕೂತು ನನಗೆ ಹೇಳಿದಳು, “ಬಸ್ಯಾ, ದೀಪಾವಳಿಗಿ ನಮ್ಮೂರಾಗ ಒಂದ ಹಾಡಿಕಿ ಐತಿ. ಊರ ಮಂದಿಗೆ ಇಲ್ಲ ಅನ್ನಾಕ ಬರೂದಿಲ್ಲ. ಅದ ಕಡೀದು. ಗೆದ್ದಾಕಿ ಆಗಿ ಇದ್ದಾಗ ಬಿಡ್ತೇನಿ. ಆಮ್ಯಾಲ ದಪ್ಪ ಮುಟ್ಟಂಗಿಲ್ಲ.” ನಾನು ನಕ್ಕು ಹಾರಿಸಲು ನೋಡಿದೆ. ಅವಳು ನಗಲಿಲ್ಲ. ನಮ್ಮ ಅತ್ತಿ ಒಮ್ಮೆ ಅಂದರೆ ಅಂದಂತೆ. ಒಂದು ಸಲ ಚಹಾ ಬಿಡುತ್ತೇನೆ ಎಂದವಳು ಇಂದಿಗೂ ಕುಡಿದಿಲ್ಲ.

ಬನ್ನಿ ಕೊಡುವ ದಿನ ಲಗಮಣ್ಣ ಕಾಕಾ ಗೋಕಾಕದ ನಮ್ಮ ಮನೆಗೆ ಬಂದ. ಬನ್ನಿ ಎಲೆ ನನ್ನ ಕೈಗಿಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎಂದ. ಹೋಳಿಗೆ ಉಂಡ. ಉಂಡು ನನ್ನನ್ನು ಬಾಜೂ ಕೂಡಿಸಿಕೊಂಡು, ಕಿವಿಯ ಹತ್ತಿರ ಬಾಯಿ ತಂದು ಹೇಳಿದ.

“ಬಸು, ಆಕಿ ಎದುರಿಗಿ ನೀ ನಿಂದ್ರು.”

“ಕಾಕಾ, ನಿಮಗ ಗಂಟಲಾ ಅಷ್ಟ ಹೋಗೇತೋ, ತಲೀನೂ ಹೋಗೇತೋ? ನಾ ಹುಟ್ಟಿದಾಗಿಂದ ಆಕಿ ಕಡೆ ಗೀಯ ಅಂದಾಂವ್ರಿ.”

“ಅದಕ್ಕ ಹೇಳಾಕತ್ತೇನಿ. ಆಕಿ ಪಟ್ಟೆಲ್ಲಾ ನಿನಗ ಗೊತ್ತೈತಿ. ನೋಡು, ಗೆದ್ದಾಕಿ ಬಿಡಬಹುದು. ಸೋತಾಕಿ ಬಿಡಾಕ ಬರೂದಿಲ್ಲ.”

ಅದು ನಮ್ಮ ಎರಡೂ ಮೇಳಗಳ ಹಳೆಯ ಕಟ್ಟಳೆ. ಸವಾಲಿಗೆ ಜವಾಬು ಹೊಳೆಯದವರು ದಪ್ಪನ್ನು ನೆಲಕ್ಕೆ ಮುಟ್ಟಿಸಿ, ಜವಾಬು ಮುಂದಿನ ಹಾಡಿಕೆಯಲ್ಲಿ ತರುತ್ತೇನೆ ಎನ್ನಬೇಕು. ತಂದ ಜವಾಬನ್ನು ಸವಾಲ್ ಹಾಕಿದ ಮೇಳದ ಹಿರಿಯ ‘ಹೌದು’ ಎಂದು ಒಪ್ಪಬೇಕು. ಒಪ್ಪುವವರೆಗೆ ಹಾಡುವುದನ್ನು ಬಿಡುವ ಹಾಗಿಲ್ಲ. ಕಾಕಾನ ಲೆಕ್ಕ ಸರಳವಾಗಿತ್ತು. ಕುಲಗೋಡದಲ್ಲಿ ಅತ್ತಿ ಗೆದ್ದರೆ ಹಾಡು ಮುಗಿಯಿತು. ಅವಳ ಹಾಡು ಉಳಿಯಬೇಕೆಂದರೆ ಅವಳು ಸೋಲಬೇಕು. ಬಾಳವ್ವತ್ತಿ ಸೋತದ್ದನ್ನು ಕಂಡವರು ನಮ್ಮ ಸೀಮೆಯಲ್ಲಿ ಯಾರೂ ಇರಲಿಲ್ಲ.

ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಸುರೇಖಾ, “ಮನ್ಯಾಗ ನನ್ನ ಜೋಡಿ ಉಪ್ಪಿಗೊಮ್ಮಿ ಎಣ್ಣಿಗೊಮ್ಮಿ ವಾದಾ ಮಾಡ್ತೀರಿ. ಅಲ್ಲಿ ಮೈಕ್ ಹಿಡದು ಮಾಡಾಕ ಏನ ಧಾಡೀರಿ?” ಅಂದಳು. ಅಲ್ಲಿಗೆ ತೀರ್ಮಾನವಾಯಿತು.

ಮಾರನೆಯ ದಿನದಿಂದ ಕಾಕಾ ನನ್ನ ಬಸ್ಸು ಹತ್ತತೊಡಗಿದ. ಗೋಕಾಕದಿಂದ ಹುಕ್ಕೇರಿಗೆ, ಹುಕ್ಕೇರಿಯಿಂದ ಮತ್ತೆ ಗೋಕಾಕಕ್ಕೆ, ನನ್ನ ಸೀಟಿನ ಬಾಜೂ ಕೂತು ಪಾಠ. ಅವನ ಪಿಸುದನಿ ಎಂಜಿನ್ ಸದ್ದಿನಲ್ಲಿ ಮುಳುಗುತ್ತಿತ್ತು, ನಾನು ಕಿವಿಯನ್ನು ಅವನ ಬಾಯಿಗೇ ಒಡ್ಡಬೇಕಾಗುತ್ತಿತ್ತು. ಟಿಕೆಟ್ ಹರಿಯುತ್ತ, ಚಿಲ್ಲರೆ ಕೊಡುತ್ತ ನುಡಿ ಗುನುಗುತ್ತಿದ್ದೆ. ಬಸ್ಸಿನ ತುಂಬ ಹೆಣ್ಣುಮಕ್ಕಳು. ಅವರಿಗೆ ಪುಕ್ಕಟೆ ಪ್ರಯಾಣ ಬಂದು ಸ್ವಲ್ಪ ದಿನವಾಗಿತ್ತು. ನಾನು ಗಂಡು ಹೆಚ್ಚು ಎಂದು ಗುನುಗುವುದನ್ನು ಕೇಳಿ ಒಬ್ಬಾಕೆ ತನ್ನ ಪುಕ್ಕಟೆ ಟಿಕೆಟನ್ನು ನನ್ನ ಮೂಗಿನ ಹತ್ತಿರ ಹಿಡಿದಳು. “ಹೆಣ್ಣ ಹೆಚ್ಚಂತ ಸರಕಾರನ ಬರದ ಕೊಟ್ಟೈತಲ್ಲೋ ತಮ್ಮಾ. ನೀ ಯಾವ ದೊಡ್ಡ ಸಾಹೇಬ?” ಬಸ್ಸಿಗೆ ಬಸ್ಸೇ ನಕ್ಕಿತು. ಕಾಕಾನೂ ದನಿಯಿಲ್ಲದೆ ಹೆಗಲು ಕುಣಿಸಿ ನಕ್ಕ. ಇದಕ್ಕೆ ಜವಾಬು ಕಟ್ಟು ನೋಡೋಣ ಅಂದ. ನನಗೆ ಹೊಳೆಯಲಿಲ್ಲ, ಇಂದಿಗೂ ಹೊಳೆದಿಲ್ಲ.

ಕಾಕಾ ಕಲಿಸಿದ್ದು ನುಡಿಗಿಂತ ಹೆಚ್ಚಾಗಿ ನಿಲ್ಲುವ ರೀತಿ. “ಸಿಟ್ಟ ಮಾಡಬ್ಯಾಡ, ಹಟಾ ಮಾಡು. ಆಕಿ ಹಾಡೂ ಮುಂದ ಮಂದೀನ್ನ ನೋಡಬ್ಯಾಡ, ಆಕೀನ್ನ ನೋಡು. ಆಕಿ ಎಲ್ಲಿ ಅಳುಕ್ತಾಳ ಅಲ್ಲಿ ಹಿಡಿ.” ನಾನು ಕೇಳಿದೆ, ಇಷ್ಟು ವರ್ಷದಲ್ಲಿ ನಿಮಗೆ ಅಂಥ ಜಾಗ ಒಂದೂ ಸಿಗಲಿಲ್ಲವೇ ಎಂದು. ಕಾಕಾ ಹೊರಗೆ ಬಿತ್ತಿದ ಜೋಳದ ಹೊಲ ನೋಡುತ್ತ ಕೂತ. ಸಿಕ್ಕಿರಲಿಕ್ಕೂ ಸಾಕು.

ಶೀಗಿ ಹುಣ್ಣಿಮೆ ಕಳೆದ ಐತವಾರ, ಮೊದಲೇ ಮಾತು ಕೊಟ್ಟಿದ್ದ ಮೇಲವಂಕಿಯಲ್ಲಿ ನನ್ನ ಮೊದಲ ಹಾಡಿಕೆ. ನಾನು ಎದುರಿಗೆ ನಿಲ್ಲುತ್ತೇನೆ ಎಂದಾಗ ಅತ್ತಿ ಬೇಡ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. “ಕಾರ್ಯಕ್ರಮ ನಡೀಬೇಕು, ಯಾರರೆ ನಿಂದರ್ರಿ” ಅಂದಿದ್ದಳು. ಹಿಂದಿನ ದಿನ ಚಿತ್ತಿ ಮಳೆಯ ಒಂದು ಹನಿ ಹೊಡೆತ ಬಿದ್ದು ಮಣ್ಣು ತಂಪಾಗಿತ್ತು. ಸಂಜೆಯ ಎಳೆಬಿಸಿಲು, ಪೆಂಡಾಲಿನ ತುಂಬ ಮಂದಿ. ಮುಂದಿನ ಸಾಲಿನಲ್ಲಿ ಕಾಕಾ, ಕೊರಳಿಗೆ ಮಫ್ಲರ್.

ನನ್ನ ಮೊದಲ ನುಡಿ ಸರಿಯಾಗಿಯೇ ಹೋಯಿತು. ಆಮೇಲೆ ಅತ್ತಿ ದಪ್ಪು ಎತ್ತಿದಳು. ಅವಳು ನುಡಿ ಮುಗಿಸಿ ಕೈ ಬೀಸಿದ ಕೂಡಲೇ ಅವಳ ಹಿಂದಿನವರು ದನಿ ತೆಗೆಯುವ ಮೊದಲೇ ವೇದಿಕೆಯ ಈ ಕಡೆಯಿಂದ ‘ಗೀಯ ಗೀಯ’ ಎಂದು ಗಟ್ಟಿಯಾಗಿ ಕೇಳಿತು. ಯಾರು ಈ ಮೂರ್ಖ ಎಂದು ತಿರುಗಿ ನೋಡಹೋದೆ. ನಾನೇ. ವೈರಿಯ ಹಾಡಿಗೆ ನಾನೇ ದನಿಗೂಡಿಸಿದ್ದೆ, ಅದೂ ಕೈಯಲ್ಲಿ ಮೈಕ್ ಹಿಡಿದು. ಇಷ್ಟು ವರ್ಷದ ರೂಢಿ, ಬಾಯಿ ನನ್ನ ಮಾತು ಕೇಳಲಿಲ್ಲ.

ಮಂದಿ ಬಿದ್ದು ಬಿದ್ದು ನಕ್ಕರು. ಅತ್ತಿ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ದಪ್ಪಿನ ಮೇಲೆ ಬೆರಳು ಕುಣಿಸಿ ನಿಂತ ನಿಲುವಿನಲ್ಲೇ ಕಟ್ಟಿದಳು:

“ಗಂಡ ಹೆಚ್ಚಂತ ಹಾಡಾಕ ಬಂದಾನ ಗೋಕಾವಿ ಬಸ್ಸಿನಾಂವ,
ನಾ ಬಾಯಿ ತಗದ್ರ ಗೀಯ ಅಂತಾನ, ನನ್ನ ಕಡೀನ ಅವನ ಜೀವ.”

ಆಮೇಲೆ ಅವಳು ನನ್ನನ್ನು ಬಿಡಲಿಲ್ಲ. ಹೊತ್ತು ಮುಳುಗುವವರೆಗೆ ಅಗಸ ಅರಿವೆ ಒಗೆದಂತೆ ಒಗೆದಳು. ಮಂದಿಗೆ ಹಬ್ಬವೇ ಆಯಿತು. ಆ ದಿನ ಬುತ್ತಿ ಬಿಚ್ಚಿದಳು, ನನಗೂ ಒಂದು ರೊಟ್ಟಿ ಹೆಚ್ಚು ಹಾಕಿದಳು. ಆದರೆ ಜೀಪು ಹತ್ತುವಾಗ ಹೇಳಿದಳು, “ನಗಿ ಚಲೋ ಆತು. ಆದ್ರ ಬಸ್ಯಾ, ನಿನ್ನ ಮ್ಯಾಲ ಗೆಲ್ಲೂದಂದ್ರ ಕೂಸಿನ ಕೈಯಾಗಿನ ರೊಟ್ಟಿ ಕಸಗೊಂಡಂಗ. ಕುಲಗೋಡದಾಗ ಮುಗಸೂದ ಚಲೋ.” ನಾನು ನಿಂತದ್ದರಿಂದ ಅವಳ ನಿರ್ಧಾರ ಸಡಿಲವಾಗಿರಲಿಲ್ಲ, ಇನ್ನಷ್ಟು ಬಿಗಿಯಾಗಿತ್ತು.

ದೀಪಾವಳಿಗೆ ಕೆಲವು ದಿನ ಇರುವಾಗ ರಜೆ ಹಾಕಿ ಕುಲಗೋಡಕ್ಕೆ ಹೋದೆ. ಅತ್ತಿ ಕಟ್ಟೆಯ ಮೇಲೆ ಕೂತು ಕರಚಿಕಾಯಿಗೆ ಒಣಕೊಬ್ಬರಿ ತುರಿಯುತ್ತಿದ್ದಳು. ಹಿತ್ತಲಲ್ಲಿ ಎಮ್ಮೆ, ಅಂಗಳದಲ್ಲಿ ಹೊಸದಾಗಿ ಬಳಿದ ಸಗಣಿಯ ವಾಸನೆ. ಎಲ್ಲ ಇದ್ದ ಹಾಗೆಯೇ ಇತ್ತು, ಏನೋ ಒಂದು ಇರಲಿಲ್ಲ. ಸ್ವಲ್ಪ ಹೊತ್ತಿಗೆ ತಿಳಿಯಿತು. ಅತ್ತಿ ಕೆಲಸ ಮಾಡುವಾಗ ಗುನುಗುತ್ತಿರಲಿಲ್ಲ. ಎಮ್ಮೆ ಹಿಂಡುವಾಗಲೂ ಸವಾಲ್ ಕಟ್ಟುತ್ತಿದ್ದ ಹೆಂಗಸು ಅವಳು. ದಪ್ಪು ಒಳಗೆ ಗೂಟಕ್ಕೆ ತೂಗುಬಿದ್ದಿತ್ತು, ಮೇಲೊಂದು ಹಳೆಯ ಕುಪ್ಪಸದ ಅರಿವೆ ಹೊದಿಸಿದ್ದಳು.

“ಅತ್ತಿ, ನಮ್ಮ ಮಂದಿ ಅಷ್ಟೂ ಕೇಳಾಕ ಬರ್ತಾರ. ಮ್ಯಾಲವಂಕ್ಯಾಗ ನೋಡಿದಿಲ್ಲ? ಯಾಕ ಬಿಡ್ತಿ?”

ಅವಳು ಕೊಬ್ಬರಿ ತುರಿಯುವುದನ್ನು ನಿಲ್ಲಿಸಲಿಲ್ಲ. “ಕೇಳಾವ್ರು ನೂರ ಮಂದಿ ಅದಾರಪಾ. ತಿರುಗಿ ಮಾತಾಡಾಂವ ಒಬ್ಬ ಇಲ್ಲ. ಲಗಮಣ್ಣ ಎದುರಿಗಿ ಕುಂತ್ರ ನನಗ ರಾತ್ರಿ ಗೊತ್ತಿಲ್ಲದ್ದು ಮುಂಜಾನಿ ಗೊತ್ತಾಗತಿತ್ತು. ಅಂವ ಕೆಣಕಿದ್ರ ಒಳಗಿಂದ ಎದ್ದ ಬರತಿತ್ತು. ಈಗ ಹಳೀದನ್ನ ಹಾಡಿದ್ದ ಹಾಡೂದು. ಅದಕ್ಕೇನ ಹಾಡಂತಾರ?” ಕಣ್ಣು ಒರೆಸಿಕೊಂಡಳು. ಕೊಬ್ಬರಿ ತುರಿದರೆ ಯಾರಿಗೂ ಕಣ್ಣಲ್ಲಿ ನೀರು ಬರುವುದಿಲ್ಲ. ನನಗೆ ಅಲ್ಲಿ ಕೂಡಲು ಆಗಲಿಲ್ಲ, ಎಮ್ಮೆಗೆ ಮೇವು ಹಾಕುತ್ತೇನೆ ಎಂದು ಎದ್ದು ಹೋದೆ.

ಮೇವು ಹಾಕುತ್ತ ನಿಂತಾಗಲೇ ನನಗೆ ಸವಾಲ್ ಸಿಕ್ಕಿತು. ಸಿಕ್ಕಿದ್ದಕ್ಕೆ ಖುಷಿಯಾಗಲಿಲ್ಲ. ಅದನ್ನು ಕೇಳಿದರೆ ಅತ್ತಿ ನಿಲ್ಲುತ್ತಾಳೆ ಎಂದು ಗೊತ್ತಿತ್ತು. ಆದರೆ ಅದನ್ನು ಅವಳ ಊರಲ್ಲಿ, ಅವಳ ಮಂದಿಯ ಮುಂದೆ ಕೇಳಬೇಕು. ಮನೆಯ ಕಟ್ಟೆಯ ಮೇಲೆ ನನ್ನನ್ನು ನಂಬಿ ಆಡಿದ ಮಾತನ್ನು ಮೈಕಿನಲ್ಲಿ ಹೊರಗೆ ಹಾಕಬೇಕು. ಮನೆಗೆ ಬಂದು ಸುರೇಖಾಗೆ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. ಕೇಳಿ ಕೈ ನಿಲ್ಲಿಸಿದಳು.

“ಇದನ್ನ ಕೇಳಬ್ಯಾಡ್ರಿ” ಅಂದಳು. ಮತ್ತೆ ನಾದತೊಡಗಿದಳು. “ಅಲ್ರಿ, ಇದನ್ನ ಕೇಳ್ರಿ. ಬೈದ್ರ ಬೈಲಿ. ಬೈಯಾಕರೆ ಅತ್ತಿ ಬಾಯಿ ತಗೀತಾರ.”

ದೀಪಾವಳಿಯ ಪಾಡ್ಯ ಮುಗಿದ ಐತವಾರ. ಮನೆಮನೆಯ ಬಾಗಿಲಲ್ಲಿ ಹಬ್ಬಕ್ಕೆಂದು ಸಗಣಿಯಲ್ಲಿ ಮಾಡಿಟ್ಟ ಪುಟ್ಟ ಪಾಂಡವರು, ಅವರ ತಲೆಗೆ ಚಂಡುಹೂವು. ಊರ ನಡುವಿನ ಬಯಲಲ್ಲಿ ಪೆಂಡಾಲು. ಗಾಡಿ ಮಾಡಿಕೊಂಡು ಬಾಜೂ ಊರಿನವರೂ ಬಂದಿದ್ದರು, ಇದು ಬಾಳವ್ವನ ಕಡೆಯ ಹಾಡಿಕೆ ಎಂಬ ಸುದ್ದಿ ಹಬ್ಬಿತ್ತು. ಅತ್ತಿ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಪೆಂಡಾಲಿನ ಹಿಂದೆ ರವದಿ ಹಚ್ಚಿ ದಪ್ಪು ಕಾಯಿಸುತ್ತಿದ್ದಳು. ನಾನು ಹೋಗಿ ಕಾಲು ಮುಟ್ಟಿದೆ. “ನೀನೂ ಕಾಲಿಗಿ ಬೀಳಾಂವನ ಹೌದಿಲ್ಲೋ” ಅಂದಳು. ಕಾಕಾನಿಗೆ ಸವಾಲ್ ಏನೆಂದು ನಾನು ಹೇಳಿರಲಿಲ್ಲ. ಹೇಳಿದರೆ ಬೇಡ ಅಂದುಬಿಡುತ್ತಾನೆ ಎಂಬ ಹೆದರಿಕೆ.

ಅತ್ತಿ ಆ ದಿನ ಹಾಡಿದ ಹಾಗೆ ಎಂದೂ ಹಾಡಿರಲಿಲ್ಲ. ಹೊತ್ತವಳು ಯಾರು, ಹೆತ್ತವಳು ಯಾರು, ಬಿತ್ತುವ ಬೀಜ ಕಟ್ಟಿ ಇಟ್ಟವಳು ಯಾರು ಎಂದು ಒಂದೊಂದನ್ನೇ ಎತ್ತಿ ಎತ್ತಿ ಇಟ್ಟಳು. ಮುದುಕಿಯರು ತಲೆದೂಗಿದರು. ನಾನು ಕಲಿತದ್ದನ್ನೆಲ್ಲ ಹಾಡಿದೆ, ಅವಳು ಒಂದೊಂದಕ್ಕೂ ಜವಾಬು ಕೊಟ್ಟಳು. ಬಾಯಿ ತಪ್ಪಿ ‘ಗೀಯ’ ಅನ್ನದಂತೆ ಪ್ರತಿ ನುಡಿಗೂ ನಾಲಿಗೆ ಕಚ್ಚಿ ಹಿಡಿದಿದ್ದೆ. ಕೊನೆಗೆ ಅವಳು, ಹೆಣ್ಣಿಗೆ ಗಂಡಿನ ಹಂಗು ಎಂದೂ ಬೇಕಿಲ್ಲ ಎಂದು ನುಡಿ ಮುಗಿಸಿ ನನ್ನತ್ತ ಕೈ ತೋರಿಸಿದಳು. ನಾನು ಮುಂದೆ ಬಂದೆ. ಕಾಕಾ ಹೇಳಿಕೊಟ್ಟಂತೆ ಮಂದಿಯನ್ನು ನೋಡದೆ ಅವಳನ್ನೇ ನೋಡಿ ಹಾಡಿದೆ:

“ಗಂಡಿನ ಹಂಗ ಬ್ಯಾಡಂದ ಬಾಳವ್ವ, ದಪ್ಪ ಗೂಟಕ ಹಾಕಿದಿ ಯಾಕ?
ಎದುರ ನಿಲ್ಲಾಂವ ಒಬ್ಬ ಇಲ್ಲಂತ ಹಾಡ ನಿಲ್ಲಿಸಿದಿ ಯಾಕ?”

ಅತ್ತಿ ದಪ್ಪು ಎತ್ತಿದಳು. ಬೆರಳು ಚರ್ಮದ ಮೇಲಿಟ್ಟಳು. ಬೆರಳು ಏಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ಲಗಮಣ್ಣ ಕಾಕಾ ತಲೆ ತಗ್ಗಿಸಿ ಮಫ್ಲರಿನ ತುದಿ ಹಿಂಡುತ್ತಿದ್ದ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಪೆಂಡಾಲಿನಲ್ಲಿ ಒಂದು ಕೂಸು ಅತ್ತು ಸುಮ್ಮನಾಯಿತು. ನನಗೆ ಆ ಮಾತನ್ನು ಮರಳಿ ನುಂಗಿಬಿಡಬೇಕು ಅನ್ನಿಸಿತು. ಆಗ ಅತ್ತಿ ಮೆಲ್ಲನೆ ಬಗ್ಗಿದಳು. ದಪ್ಪಿನ ಅಂಚನ್ನು ವೇದಿಕೆಯ ಹಲಗೆಗೆ ಮುಟ್ಟಿಸಿದಳು. ಮೈಕ್ ಎತ್ತಿಕೊಂಡು ಮಾತಿನಲ್ಲೇ ಹೇಳಿದಳು.

“ಜವಾಬ ಮುಂದಿನ ಹಾಡಿಕ್ಯಾಗ ತರ್ತೇನಿ.”

ಊರು ಎದ್ದು ನಿಂತಿತು. ಸಿಳ್ಳೆ, ಚಪ್ಪಾಳೆ, ಉಳಿದ ಪಟಾಕಿಯ ಸರ. ತಮ್ಮೂರ ಹೆಣ್ಣುಮಗಳು ಸೋತಳೆಂದು ಕುಣಿದ ಊರನ್ನು ನಾನು ಅದೊಂದೇ ಸಲ ನೋಡಿದ್ದು. ಅತ್ತಿ ಮಾತ್ರ ನನ್ನ ಜೋಡಿ ಮಾತಾಡಲಿಲ್ಲ. ಮನೆಗೆ ಹೋಗಿ ಊಟಕ್ಕೆ ಕೂತೆವು. ಕಾಕಾನ ತಾಟಿಗೆ ಚಟ್ನಿ ಹಾಕುತ್ತ ಅವನನ್ನು ಕೇಳಿದಳು, “ಇವನ ಬಾಯಾಗ ಆ ಮಾತ ಇಟ್ಟಾಂವ ನೀನ ಹೌದಿಲ್ಲೋ ಲಗಮಣ್ಣಾ?”

ಕಾಕಾ ಅಲ್ಲ ಎಂದು ತಲೆಯಾಡಿಸಿದ. “ನಂದಲ್ಲವ್ವಾ. ಅವಂದ” ಎಂದು ಪಿಸುಗುಟ್ಟಿದ.

ಅತ್ತಿ ನನ್ನ ಕಡೆ ತಿರುಗಿದಳು. “ಮನೀಗಿ ಬಂದು ಕೊಬ್ಬರಿ ಮುಂದ ಕುಂತು ಕಳ್ಳತನಾ ಮಾಡಿದಿ” ಅಂದಳು. ಆಮೇಲೆ ಚಟ್ನಿಯ ಬಟ್ಟಲನ್ನು ನನ್ನತ್ತ ಸರಿಸಿ ಕೇಳಿದಳು, “ಹುಕ್ಕೇರ್ಯಾವ್ರು ಕೇಳಾಕತ್ತಿದ್ರಲ್ಲ, ಅವರ ಹಾಡಿಕಿ ಎಂದೈತಿ?”

ಹುಕ್ಕೇರಿಗೆ ಅವಳು ತಂದ ಜವಾಬು, ಮಳೆಯಲ್ಲಿ ಚರ್ಮ ಹಸಿಯಾಗಿತ್ತು, ಅದಕ್ಕೇ ಗೂಟಕ್ಕೆ ಹಾಕಿದ್ದೆ ಎಂದು. ಮಂದಿ ನಕ್ಕರು. ಹರದೇಶಿಯ ಹಿರಿಯನಾಗಿ ಮುಂದಿನ ಸಾಲಿನಲ್ಲಿ ಕೂತ ಕಾಕಾ ತಲೆಯಾಡಿಸಿದ, ಇದು ಜವಾಬಲ್ಲ. ಹೋದ ವರ್ಷ ಅವಳು, ಭೂಮಿಯೂ ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಲಗುತ್ತದೆ, ಅದಕ್ಕೆ ಯಾರ ಹಂಗು ಎಂದು ಹಾಡಿದಳು. ಚಪ್ಪಾಳೆ ಬಿತ್ತು. ಕಾಕಾ ಇಲ್ಲ ಅಂದ. ಅತ್ತಿ ಈಗ ಎಮ್ಮೆ ಹಿಂಡುವಾಗ ಮತ್ತೆ ಗುನುಗುತ್ತಾಳೆ. ಶನಿವಾರ ಬಂದರೆ ನನಗೆ ಫೋನು ಮಾಡಿ, “ಏನೋ ಬಸ್ಯಾ, ತಯಾರ ಅದಿಯಿಲ್ಲ?” ಎಂದು ಕೆಣಕುತ್ತಾಳೆ. ನನಗೂ ಅಷ್ಟಿಷ್ಟು ಹಾಡಲು ಬಂದಿದೆ. ‘ಗೀಯ’ ಮಾತ್ರ ಒಮ್ಮೊಮ್ಮೆ ಬಾಯಿ ತಪ್ಪಿ ಬಿದ್ದೇ ಬೀಳುತ್ತದೆ, ಮಂದಿ ಈಗ ಅದನ್ನು ಕೇಳಲೆಂದೇ ಬರುತ್ತಾರೆ.

ಹೋದ ಐತವಾರ ಮೂಡಲಗಿಯಲ್ಲಿ ಹಾಡಿಕೆ ಇತ್ತು. ಅತ್ತಿ ನನ್ನನ್ನು ನೋಡಿ ಹಾಡಲಿಲ್ಲ. ಕಾಕಾನನ್ನು ನೋಡಿ ಹಾಡಿದಳು:

“ಬೀಸೂ ಕಲ್ಲಿಗಿ ಎರಡ ಕಲ್ಲ, ಒಂದ ತಗದ್ರ ಹಿಟ್ಟ ಎಲ್ಲಿ?
ಮ್ಯಾಲಿಂದ ಹೆಚ್ಚೋ ಕೆಳಗಿಂದ ಹೆಚ್ಚೋ, ಉಂಡಾವ್ರ ಹೇಳ್ರಿ ಇಲ್ಲಿ.”

ಆಯುಷ್ಯವಿಡೀ ಹೆಣ್ಣು ಹೆಚ್ಚು ಎಂದು ಹಾಡಿದವಳು ಆ ಹೆಚ್ಚನ್ನೇ ಎತ್ತಿ ಬಾಜೂ ಇಟ್ಟಿದ್ದಳು. ಇದಕ್ಕಿಂತ ಖರೆ ಜವಾಬು ಇನ್ನೊಂದಿಲ್ಲ. ಮಂದಿಗೂ ಅದು ತಿಳಿಯಿತು, ಯಾರೂ ಚಪ್ಪಾಳೆ ಹೊಡೆಯದೆ ಕಾಕಾನ ಕಡೆ ನೋಡಿದರು. ಕಾಕಾ ಎಲೆ ಅಡಿಕೆ ಜಗಿಯುತ್ತ ಕೂತ. ಕಣ್ಣು ತುಂಬಿದ್ದು ನನಗೆ ವೇದಿಕೆಯಿಂದಲೇ ಕಾಣುತ್ತಿತ್ತು. ಆಮೇಲೆ ಸಾವಕಾಶ ತಲೆಯಾಡಿಸಿದ. ಇಲ್ಲ, ಇದೂ ಅಲ್ಲ.

ಅತ್ತಿ ಬಗ್ಗಿ ದಪ್ಪನ್ನು ನೆಲಕ್ಕೆ ಮುಟ್ಟಿಸಿದಳು. ನನಗೆ ತಡೆಯಲಾಗಲಿಲ್ಲ. ಕೆಳಗಿಳಿದ ಮೇಲೆ ಅವಳ ಬೆನ್ನು ಹತ್ತಿ ಹೋದೆ.

“ಅತ್ತಿ, ಜವಾಬ ಬರೋಬರಿ ಇತ್ತು. ಕಾಕಾಗೂ ಗೊತ್ತೈತಿ. ಅಂವಾ ಅನ್ಯಾಯ ಮಾಡ್ಯಾನ, ನೀ ಜಗಳಾ ತಗೀಬೇಕಿತ್ತು.”

ಅತ್ತಿ ದಪ್ಪಿಗೆ ಅರಿವೆ ಸುತ್ತುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳು ಹಲ್ಲು ಕಾಣುವಂತೆ ನಕ್ಕಳು.

“ಹುಚ್ಚ ಅದಿ ನೀ. ಅಂವ ಹೌದಂದ್ರ ಮುಂದಿನ ಐತವಾರ ನಾ ಏನ ಮಾಡ್ಲಿ?”